ಜೀಪಿನ ಹೊಟ್ಟೆಗೊಂದು ಕವಚ

ಅರಸೀಕೆರೆ ಸೀಮೆಯ ಕಣಕಟ್ಟೆಯಲ್ಲಿ ಬಸ್ಸಿಳಿದು ಒಂದು ಗಳಿಗೆ ಸುಮ್ಮನೆ ನಿಲ್ಲಿ. ಮೊದಲು ಮೂಗಿಗೆ ಬರುವುದು ತೆಂಗಿನ ಸಿಪ್ಪೆ ಸುಟ್ಟ ಹೊಗೆ. ಅದರ ಬೆನ್ನಿಗೇ, ಗಾಳಿ ತುಸು ತಿರುಗಿತೆಂದರೆ, ಕಾದ ಕಬ್ಬಿಣದ ವಾಸನೆ. ಅದರ ಜಾಡು ಹಿಡಿದು ನಡೆದರೆ ತಗಡಿನ ಮಾಡಿನ ಒಂದು ವೆಲ್ಡಿಂಗ್ ಶಾಪು. ಮುಂದೆ ಹುಣಸೆ ಮರ, ಅದರ ನೆರಳಲ್ಲಿ ಕೊಂಡಿ ಮುರಿದ ಟ್ರೇಲರು, ಗುಳ ಸವೆದ ಕಲ್ಟಿವೇಟರು, ಯಾರದೋ ಹೊಸ ಮನೆಗೆಂದು ಮಾಡಿಟ್ಟ ಕಿಟಕಿ ಗ್ರಿಲ್ಲು. ಇವುಗಳ ನಡುವೆ, ಗುರುತಿಲ್ಲದ ಮನೆಗೆ ಬಂದ ನೆಂಟನ ಹಾಗೆ ಒಂದು ಬದಿಗೆ ಸರಿದು, ಕೆಸರು ಮೆತ್ತಿಕೊಂಡು ನಿಂತ ಥಾರ್ ಜೀಪು.

ಮೂಡಿಗೆರೆ ಕಡೆಯ ಕಾಫಿ ತೋಟದ ಗಾಡಿ ಅದು. ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ, ಬೇಲೂರು, ಬಾಣಾವರ ಹಾದು ಅರಸೀಕೆರೆಗೆ ಬರುವ 73ನೇ ನಂಬರಿನ ಹೆದ್ದಾರಿ ಮಲೆನಾಡಿನ ಕೆಸರನ್ನು ಈ ಬಯಲಿಗೆ ತಂದು ಉದುರಿಸುತ್ತದೆ. ಗಾಡಿಯಡಿಯಿಂದ ಎರಡು ಕಾಲು ಮಾತ್ರ ಆಚೆ ಚಾಚಿವೆ. ‘ಮಾವ, ಆ ರಟ್ಟು ಕೊಡಿ’ ಎಂಬ ದನಿ ಬರುತ್ತದೆ. ಟಿ.ವಿ. ಡಬ್ಬದಿಂದ ಕತ್ತರಿಸಿದ ಅಗಲವಾದ ರಟ್ಟನ್ನು ಮಾವ ಬಗ್ಗಿ ಒಳಕ್ಕೆ ತಳ್ಳುತ್ತಾರೆ. ಹುಡುಗ ಅದನ್ನು ಚಾಸಿಗೆ ಒತ್ತಿ ಹಿಡಿದು, ಬೋಲ್ಟಿನ ತೂತು ಬಂದಲ್ಲೆಲ್ಲ ಬೆರಳಿಂದ ತಡವಿ ಪೆನ್ಸಿಲ್ ಗುರುತು ಹಾಕಿಕೊಳ್ಳುತ್ತಾನೆ. ಬಟ್ಟೆಗೆ ಅಳತೆ ತೆಗೆಯುವ ದರ್ಜಿಯ ತಾಳ್ಮೆ ಅವನ ಕೈಯಲ್ಲಿದೆ.

ನೀವೂ ಒಮ್ಮೆ ಬಗ್ಗಿ ನೋಡಿ. ಎಂಜಿನ್ ಆಯಿಲ್ ತುಂಬಿದ ಬೋಗುಣಿ, ಅದರ ಹಿಂದೆ ಗೇರ್ ಬಾಕ್ಸು, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು. ನೆಲಕ್ಕೂ ಗಾಡಿಯ ಅತಿ ಕೆಳಗಿನ ಭಾಗಕ್ಕೂ ನಡುವೆ ಇರುವುದು 226 ಮಿಲಿಮೀಟರ್, ಅಂದರೆ ಒಂದು ಗೇಣು. ಮಾರುತಿ ಜಿಮ್ನಿಯಲ್ಲಿ 210, ಗೇಣಿಗೆ ಒಂದು ಬೆರಳು ಕಮ್ಮಿ. ಚೂಪಾದ ಕಲ್ಲೊಂದು ಬೋಗುಣಿಗೆ ತಾಗಿ ಸೀಳಿದರೆ ಆಯಿಲ್ಲು ಸುರಿದುಹೋಗಿ ಎಂಜಿನ್ ಹಿಡಿದುಕೊಳ್ಳುತ್ತದೆ. ಕಾಡಿನ ನಡುವೆ ರಾತ್ರಿಯಾದರೆ ಅಲ್ಲೇ ಬಿಡಾರ. ಅದಕ್ಕೇ ಈ ಅಡಿತಟ್ಟೆ, ಸ್ಕಿಡ್ ಪ್ಲೇಟು. ಕಲ್ಲು ಬಡಿದರೆ ಜಾರಿಹೋಗಬೇಕು, ಸಿಕ್ಕಿಕೊಳ್ಳಬಾರದು. ಹಾಗಾಗಿ ಮುಂದಿನ ಅಂಚನ್ನು ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿಸುತ್ತಾರೆ. ನಡುವೆ ಆಯಿಲ್ ಬಸಿಯಲು ಒಂದು ದೊಡ್ಡ ತೂತು, ಕೆಸರು ನೀರು ನಿಲ್ಲದಂತೆ ಸಣ್ಣ ಸಣ್ಣ ತೂತು. ಆ ದೊಡ್ಡ ತೂತನ್ನು ಮರೆತರೆ ಪ್ರತಿ ಸಲ ಆಯಿಲ್ ಬದಲಿಸುವಾಗಲೂ ತಟ್ಟೆಯನ್ನೇ ಬಿಚ್ಚಬೇಕು.

ಗ್ರೈಂಡರು ಕಿರುಚಿ ಕಿಡಿಗಳು ಹುಣಸೆ ಮರದ ಬುಡದವರೆಗೆ ಹಾರುತ್ತವೆ. ಆಮೇಲೆ ವೆಲ್ಡಿಂಗಿನ ಆ ಚಟಚಟ ಸದ್ದು, ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತೆ. ಮಾವ ಕಪ್ಪು ಗಾಜಿನ ಹಿಂದೆ ಮುಖ ಮರೆಸಿಕೊಂಡು ಅಂಗುಲ ಅಂಗುಲವಾಗಿ ಸರಿಯುತ್ತಾರೆ. ಬೆಸುಗೆ ಆರಿದ ಮೇಲೆ ಚಿಪ್ಪೆಬ್ಬಿಸಿ, ಸುತ್ತಿಗೆಯಿಂದ ಒಂದು ಕಡೆ ತಟ್ಟಿ ಕಿವಿ ಹತ್ತಿರ ತರುತ್ತಾರೆ. ಈ ಸೀಮೆಯವರಿಗೆ ಅದು ಹೊಸದಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಕೂತ ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಹೇಳುವ ಕಿವಿಗಳು ಇವು.

ಶಾಪಿನ ಒಳಗೆ, ಬೋರಲು ಹಾಕಿದ ಡ್ರಮ್ಮಿನ ಮೇಲೆ ಒಂದು ಲ್ಯಾಪ್‌ಟಾಪು. ಹುಡುಗ ಈಗ ಅಲ್ಲಿಗೆ ಬಂದು ಕೂತಿದ್ದಾನೆ. ಅಡಿತಟ್ಟೆ, ಬಾಗಿಲ ಕೆಳಗಿನ ಅಂಚು ಕಾಯುವ ರಾಕ್ ಸ್ಲೈಡರು, ಮೇಲಿನ ಕ್ಯಾರಿಯರು, ಎಳೆಯುವ ಕೊಕ್ಕೆ, ಇವೆಲ್ಲ ಇಂದು ಸಂಜೆಯಿಂದ ಅವರು ತೆರೆಯಲಿರುವ ಆನ್‌ಲೈನ್ ಅಂಗಡಿಯಲ್ಲಿ ಸಿಗಬೇಕು. ಗೋಡೆಗೆ ಮಾವನ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಒಂದೊಂದನ್ನೂ ನಿಲ್ಲಿಸಿ ಫೋಟೊ ತೆಗೆದಾಗಿದೆ. ಕಷ್ಟ ಇರುವುದು ಫೋಟೊದ ಕೆಳಗೆ ಬರೆಯುವುದರಲ್ಲಿ.

‘ಮಾವ, ಇದು ಎಷ್ಟು ದಪ್ಪ?’

‘ನೋಡಿದ್ರೆ ಗೊತ್ತಾಗಲ್ವೇನೋ? ಗಟ್ಟಿ ತಗಡು.’

‘ಕೊಳ್ಳೋರು ನೋಡಕ್ಕಾಗಲ್ಲ ಮಾವ. ಬರೀಬೇಕು.’

ಈ ಕೆಲಸದ ತಿರುಳೆಲ್ಲ ಆ ಮಾತಿನಲ್ಲಿದೆ ಎಂದು ನನಗೆ ಅನ್ನಿಸಿತು. ಊರಿನ ಗಿರಾಕಿ ತಟ್ಟಿ ನೋಡುತ್ತಾನೆ, ಸರಿಹೋಗದಿದ್ದರೆ ನಾಳೆ ಬಂದು ಬಯ್ಯುತ್ತಾನೆ. ಕೊಡಚಾದ್ರಿಯ ಏರಿನಲ್ಲಿ ಜೀಪು ಹತ್ತಿಸುವವನು, ಸಕಲೇಶಪುರದ ತೋಟದವನು, ಲಡಾಖಿಗೆ ಹೊರಟ ಬೆಂಗಳೂರಿನವಳು ಕಣಕಟ್ಟೆಗೆ ಬರುವುದಿಲ್ಲ. ಮಾವನ ಕೈಗೆ, ಕಿವಿಗೆ ಗೊತ್ತಿರುವುದನ್ನೆಲ್ಲ ಅಂಕಿಯಾಗಿ ಬರೆದು ಅವರ ಮುಂದಿಡಬೇಕು. ಕ್ಯಾಲಿಪರು ತಂದು ಹಿಡಿದರು: 4 ಮಿಲಿಮೀಟರ್. ಆ ದಪ್ಪದ ಉಕ್ಕು ಒಂದು ಚದರ ಮೀಟರಿಗೆ 31 ಕಿಲೊ ಚಿಲ್ಲರೆ ತೂಗುತ್ತದೆ. 90 ಸೆಂಟಿಮೀಟರ್ ಉದ್ದ, 60 ಅಗಲದ ಈ ತಟ್ಟೆ ಹತ್ತಿರ ಹತ್ತಿರ 17 ಕಿಲೊ. ಅದನ್ನೇ 6 ಮಿಲಿಮೀಟರಿನ ಅಲ್ಯೂಮಿನಿಯಂನಲ್ಲಿ ಮಾಡಿದರೆ ಒಂಬತ್ತು ಕಿಲೊ ಒಳಗೇ, ಬೆಲೆ ಮಾತ್ರ ಹೆಚ್ಚು.

ಸಾಗಿಸುವ ಲೆಕ್ಕ ಬೇರೆಯೇ. ಕೊರಿಯರಿನವರು ತೂಕದ ಜೊತೆಗೆ ಡಬ್ಬದ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ರೂಢಿ. ಹೀಗೆ ಬಂದ ಅಂಕಿ, ತಕ್ಕಡಿಯ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 120 ಉದ್ದ, 100 ಅಗಲ, 20 ಎತ್ತರದ ಕ್ಯಾರಿಯರು ತಕ್ಕಡಿಯಲ್ಲಿ 22 ಕಿಲೊ ತೂಗಿದರೂ ಲೆಕ್ಕದಲ್ಲಿ 48 ಆಗುತ್ತದೆ. ಹುಡುಗ ಅದನ್ನು ಎರಡು ಸಲ ಗುಣಿಸಿ ನೋಡಿ, ಎದ್ದು ಹೋಗಿ ಕ್ಯಾರಿಯರನ್ನು ನಾಲ್ಕು ತುಂಡಾಗಿ ಬಿಚ್ಚಿ, ಬೋಲ್ಟು ಹಾಕಿ ಜೋಡಿಸುವಂತೆ ಮಾಡಲಾದೀತೇ ಎಂದು ಮಾವನನ್ನು ಕೇಳಿದ. ಮಾವ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೇ ಗೆರೆ ಎಳೆಯತೊಡಗಿದರು. ಆ ಹೊತ್ತು ನನಗೆ ತುಂಬ ಖುಷಿಯಾಯಿತು.

ಒಂದು ಸಾಮಾನು ಮಾತ್ರ ಅಂಗಡಿಗೆ ಹೋಗಲಿಲ್ಲ. ಮೂಲೆಯಲ್ಲಿ ಹಳೆಯದೊಂದು ಬುಲ್ ಬಾರ್ ಒರಗಿ ನಿಂತಿದೆ, ಕೊಳವೆಯಿಂದ ಮಾಡಿದ್ದು, ನೋಡಲು ಅಂದವಾಗಿದೆ. ಡಿಕ್ಕಿಯಾದಾಗ ಗಾಡಿಯ ಮೂತಿ ನಜ್ಜಾಗಿ ಪೆಟ್ಟನ್ನು ತಾನು ನುಂಗಬೇಕು, ಗಾಳಿಚೀಲ ಸರಿಯಾದ ಕ್ಷಣಕ್ಕೆ ಬಿಚ್ಚಬೇಕು. ಈ ಕೊಳವೆ ಎರಡಕ್ಕೂ ಅಡ್ಡಿ. ರಸ್ತೆ ದಾಟುವವರಿಗಂತೂ ಯಮ. ಇವನ್ನು ತೆಗೆಸಿ ಎಂದು ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ‘ಅದನ್ನ ಕೇಳೋರೇ ಜಾಸ್ತಿ ಕಣೋ’ ಎಂದರು ಮಾವ. ಹುಡುಗ ತಲೆಯಾಡಿಸಿದ, ಪಟ್ಟಿಗೆ ಸೇರಿಸಲಿಲ್ಲ. ಅವನು ಮಾಡಿದ್ದು ಸರಿ.

ಕಾಣದ ಗಿರಾಕಿಗೆ ಮಾರುವುದನ್ನು ಈ ನೆಲಕ್ಕೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಇಲ್ಲಿಯ ಅಟ್ಟಗಳ ಉಂಡೆ ಕೊಬ್ಬರಿ ಅರಸೀಕೆರೆ, ತಿಪಟೂರಿನ ಮಾರುಕಟ್ಟೆ ಹೊಕ್ಕು ಉತ್ತರ ಭಾರತಕ್ಕೆ ಹೋಗುತ್ತ ಎಷ್ಟೋ ಕಾಲವಾಯಿತು. ಅಲ್ಲಿ ತಿನ್ನುವವರ ಮುಖವನ್ನು ಇಲ್ಲಿ ಯಾರೂ ಕಂಡಿಲ್ಲ, ಆದರೂ ಹುಳುಕು ಕೊಬ್ಬರಿಯನ್ನು ಆರಿಸಿ ಬೇರೆ ಇಡುತ್ತಾರೆ. ಈಗ ಆನ್‌ಲೈನ್ ಮಾರಾಟಕ್ಕೆ 2020ರ ಗ್ರಾಹಕ ನಿಯಮಗಳಿವೆ: ದೂರು ಬಂದರೆ 48 ಗಂಟೆಯೊಳಗೆ ಮುಟ್ಟಿತೆಂದು ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ದೂರು ಕೇಳುವವರು ಯಾರು ಎಂಬ ಜಾಗದಲ್ಲಿ ಹುಡುಗ ತನ್ನ ಹೆಸರನ್ನೇ ಬರೆದ.

ಹೊತ್ತು ಮುಳುಗುತ್ತ ತೆಂಗಿನ ಗರಿಗಳ ನೆರಳು ಶಾಪಿನೊಳಕ್ಕೆ ಚಾಚಿಕೊಂಡಿತು. ‘ತೆರೀಲಾ ಮಾವ?’ ಎಂದ. ಮಾವ ಕೈ ಒರೆಸಿಕೊಂಡು ಬಂದು, ಪರದೆಯ ಮೇಲಿನ ತಮ್ಮ ತಟ್ಟೆಯನ್ನು ಬಹಳ ಹೊತ್ತು ನೋಡಿ, ಹೂಂ ಎಂದರು. ಬೆರಳು ಒತ್ತಿತು. ಸದ್ದಿಲ್ಲ, ಕಿಡಿಯಿಲ್ಲ. ಹೊರಗೆ ಥಾರಿನವರು ಕಾಯುತ್ತಿದ್ದರು. ಇನ್ನೂ ನಾಲ್ಕು ಬೋಲ್ಟು ಬಿಗಿಯುವುದಿತ್ತು. ಹುಡುಗ ಸ್ಪ್ಯಾನರು ಹಿಡಿದು ಮತ್ತೆ ಗಾಡಿಯಡಿಗೆ ತೂರಿದ. ಮಾವ ಗೋಡೆಯಿಂದ ಪಂಚೆ ಬಿಚ್ಚಿ, ಅಂಚಿಗೆ ತಾಗಿದ ಮಸಿಯನ್ನು ಬೆಳಕಿಗೆ ಹಿಡಿದು ನೋಡಿ, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡರು.