ನೆಲಕ್ಕೂ ಸವಕಳಿ ಉಂಟು

ಲೆಕ್ಕಪತ್ರ ಬರೆಯುವವರು ಕಟ್ಟಡಕ್ಕೆ, ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಹಾಕುತ್ತಾರೆ, ನೆಲಕ್ಕೆ ಹಾಕುವುದಿಲ್ಲ. ನೆಲ ಶಾಶ್ವತವೆಂಬ ನಂಬಿಕೆಯೇ ಇದಕ್ಕೆ ಕಾರಣ. ಉತ್ತರ ಧ್ರುವದ ಸುತ್ತಲಿನ ನಾಡುಗಳಲ್ಲಿ ಈ ನಂಬಿಕೆ ಈಗ ಅಲುಗಾಡುತ್ತಿದೆ.

ಸತತ ಎರಡು ವರ್ಷವಾದರೂ ಶೂನ್ಯ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಉಳಿದ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಸೈಬೀರಿಯಾ, ಅಲಾಸ್ಕಾ, ಕೆನಡಾಗಳಲ್ಲಿ ಅದು ವಿಶಾಲವಾಗಿ ಹರಡಿದೆ. ಪರ್ವತಗಳಲ್ಲಿ ಅದರ ಸ್ವರೂಪವೇ ಬೇರೆ. ಬಿಸಿಲು ಕಡಿಮೆ ಬೀಳುವ ಉತ್ತರದ ಇಳಿಜಾರಿನಲ್ಲಿ ಹೆಪ್ಪು ಉಳಿದು, ಅದೇ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ಇಲ್ಲದಿರಬಹುದು. ದಪ್ಪನೆಯ ಹಿಮವೂ ಕಂಬಳಿಯಂತೆ. ಚಳಿಗಾಲದಲ್ಲಿ ನೆಲದ ಶಾಖವನ್ನು ಹೊರಹೋಗಗೊಡದು. ಬಂಡೆಯ ಬಿರುಕುಗಳಲ್ಲಿನ ಮಂಜುಗಡ್ಡೆ ಗಾರೆಯಂತೆ ಬೆಟ್ಟವನ್ನು ಹಿಡಿದಿಟ್ಟಿರುತ್ತದೆ. ತಾಪಮಾನ ಏರಿ ಅದು ಕರಗಿದರೆ ಬೆಟ್ಟವೇ ಸಡಿಲವಾಗುತ್ತದೆ.

2020ರ ಮೇ ತಿಂಗಳಲ್ಲಿ ರಷ್ಯದ ನೊರಿಲ್ಸ್ಕ್‌ನಲ್ಲಿ ಟ್ಯಾಂಕೊಂದರ ಅಡಿಪಾಯ ಕುಸಿದು 20,000 ಟನ್ನಿಗೂ ಅಧಿಕ ಡೀಸೆಲ್ ನೆಲ, ನದಿಗಳ ಪಾಲಾಯಿತು. ಹೆಪ್ಪು ಕರಗಿದ್ದೇ ಕಾರಣವೆಂದು ಕಂಪನಿ ಹೇಳಿತು. ನಿರ್ಮಾಣದ ಲೋಪಗಳನ್ನು ತಪಾಸಣಾಧಿಕಾರಿಗಳು ಎತ್ತಿ ತೋರಿಸಿದರು. ನೆಲವನ್ನು ಶಾಶ್ವತವೆಂದು ಬಗೆಯುವುದೂ ಒಂದು ಲೋಪವೇ ಅಲ್ಲವೇ?

ಪಣಂಬೂರಿಗೆ ಇದು ದೂರದ ಕಥೆಯಲ್ಲ. 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರು ಅಗೆದು ಮಾಡಿದ ಕೃತಕ ಬಂದರು. ಅದರ ಸುತ್ತ ತೈಲ, ಅನಿಲ, ರಸಗೊಬ್ಬರಗಳ ದಾಸ್ತಾನು ನಿಂತಿದೆ. ಉತ್ತರದ ಹೆಪ್ಪುನೆಲದಲ್ಲಿ ಹುದುಗಿರುವ ಇಂಗಾಲ ಸುಮಾರು 1,50,000 ಕೋಟಿ ಟನ್. ವಾತಾವರಣದಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅದರ ಒಂದಂಶ ಹೊರಬಿದ್ದರೂ ಭೂಮಿ ಮತ್ತಷ್ಟು ಕಾಯುತ್ತದೆ, ಕಡಲು ಮತ್ತಷ್ಟು ಏರುತ್ತದೆ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ.

ನಮ್ಮ ಬೆನ್ನಿಗಿರುವ ಪಶ್ಚಿಮಘಟ್ಟದಲ್ಲಿ ಮಂಜುಗಡ್ಡೆಯಿಲ್ಲ; ಅಲ್ಲಿ ಮಣ್ಣನ್ನು ಹಿಡಿದಿರುವುದು ಮರದ ಬೇರು. ಗುಡ್ಡದ ಬುಡ ಕಡಿದು, ಮೇಲೆ ಮಳೆ ಬಿರುಸಾದರೆ ಅದೂ ಸೋಲುತ್ತದೆ. ಪಣಂಬೂರಿನ ಮುಂದೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲೇ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಜೀವಗಳು ಹೋದವು.

ಮುಂದೆ ಮೂವತ್ತು, ನಲವತ್ತು ವರ್ಷ ಬಾಳಬೇಕಾದ ಟ್ಯಾಂಕು, ಧಕ್ಕೆ, ರಸ್ತೆಗಳಿಗೆ ಮಂಜೂರಾತಿ ನೀಡುವಾಗ ಅಷ್ಟು ಕಾಲ ಕಡಲೂ ಗುಡ್ಡವೂ ಇದ್ದಂತೆಯೇ ಇರುತ್ತವೆಂದು ಭಾವಿಸುವುದನ್ನು ಬಿಡಬೇಕು. ಯೋಜನಾ ವರದಿಯಲ್ಲಿ ನೆಲದ ಸವಕಳಿಗೂ ಒಂದು ಅಂಕಣ ಇರಲಿ. ಅದನ್ನು ಖಾಲಿ ಬಿಟ್ಟರೆ ಆ ಬಾಕಿಯನ್ನು ತೀರಿಸುವವರು ಕಡಲತಡಿಯ ಮೊಗವೀರರು ಮತ್ತು ಗುಡ್ಡದ ಬುಡದ ಬಡವರು.