ಪರ್ಣಕುಟಿಯ ಹಬ್ಬ

ಯೆಹೂದ್ಯರ ಸುಕ್ಕೋತ್ ಹಬ್ಬ ತಿಶ್ರಿ ಮಾಸದ 15ನೆಯ ದಿನ, ಹುಣ್ಣಿಮೆಯ ಹೊತ್ತಿಗೆ ಆರಂಭವಾಗುತ್ತದೆ. ಸುಕ್ಕಾ ಎಂದರೆ ಗುಡಿಸಲು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ಪೂರ್ವಿಕರು ಗುಡಿಸಲುಗಳಲ್ಲಿ ವಾಸಿಸಿದರೆಂಬುದರ ಸ್ಮರಣೆಗಾಗಿ ಏಳು ದಿನ ಅದರಲ್ಲಿಯೇ ಉಣ್ಣಬೇಕು, ಸಾಧ್ಯವಾದರೆ ಮಲಗಬೇಕು.

ಕೇಳುಗರು ಗಮನಿಸಬೇಕಾದದ್ದು ಹಬ್ಬದ ಕಾಲವನ್ನು. ಇದು ಸುಗ್ಗಿಯ ಹಬ್ಬವೂ ಹೌದು. ಕಣಜ ತುಂಬಿ, ‘ಇದೆಲ್ಲ ನನ್ನದು’ ಎಂದು ಮನಸ್ಸು ಬೀಗುವ ಗಳಿಗೆಯಲ್ಲಿಯೇ ಗೃಹಸ್ಥನು ಗಟ್ಟಿಗೋಡೆಯ ಮನೆಯನ್ನು ಬಿಟ್ಟು ಹೊರಬರಬೇಕು!

ಗುಡಿಸಲಿನ ಗೋಡೆ ಯಾವುದರಿಂದಲಾದರೂ ಆಗಬಹುದು, ಕಟ್ಟುಪಾಡೆಲ್ಲ ಚಾವಣಿಗೆ. ಅದು ನೆಲದಲ್ಲಿ ಬೆಳೆದು, ಕಡಿದು ತಂದ ಸೊಪ್ಪು ಗರಿಗಳದೇ ಆಗಿರಬೇಕು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ಸಂದುಗಳಲ್ಲಿ ನಕ್ಷತ್ರಗಳು ಕಾಣುವಂತಿದ್ದರೆ ಉತ್ತಮ. ಮಳೆ ಇಳಿಯದಷ್ಟು ಭದ್ರವಾದ ಹೊದಿಕೆಯನ್ನು ಕೆಲವು ಪಂಡಿತರು ಒಪ್ಪುವುದೇ ಇಲ್ಲ. ಮಳೆ ಸುರಿದು ಅಂಬಲಿ ಕೆಡುವಂತಾದರೆ ಮನೆಯೊಳಗೆ ಹೋಗಲು ಅನುಮತಿಯುಂಟು, ಶಾಸ್ತ್ರಕಾರರು ನಿಷ್ಕರುಣರಲ್ಲ.

ಮಾದಲ ಹಣ್ಣು, ಖರ್ಜೂರದ ಎಳೆಗರಿ, ಮರ್ಟಲ್ ಮತ್ತು ವಿಲೋ ರೆಂಬೆಗಳನ್ನು ಒಟ್ಟಿಗೆ ಹಿಡಿದು ಆರು ದಿಕ್ಕಿಗೂ ಆಡಿಸುವುದು ಇನ್ನೊಂದು ವಿಧಿ. ಮಿದ್ರಾಶ್ ವ್ಯಾಖ್ಯಾನದಂತೆ ರುಚಿಯೆಂದರೆ ವಿದ್ಯೆ, ಪರಿಮಳವೆಂದರೆ ಸತ್ಕಾರ್ಯ. ಮಾದಲಕ್ಕೆ ಎರಡೂ ಉಂಟು; ಖರ್ಜೂರಕ್ಕೆ ರುಚಿ ಮಾತ್ರ, ಮರ್ಟಲ್‌ಗೆ ಪರಿಮಳ ಮಾತ್ರ. ವಿಲೋಗೆ ಎರಡೂ ಇಲ್ಲ. ಆದರೆ ಅದನ್ನು ಬಿಟ್ಟರೆ ವಿಧಿ ಪೂರ್ಣವಾಗದು.