ಸಿಪಿಯು ಕೂಲರ್

ಸಿಪಿಯು ಕೂಲರ್ ಎಂಬುದು ಗಣಕಯಂತ್ರದ ಪ್ರೊಸೆಸರಿನಲ್ಲಿ ಉತ್ಪತ್ತಿಯಾಗುವ ಶಾಖವನ್ನು ಹೊರಹಾಕುವ ಸಾಧನ. ಶಾಖವು ಪೇಸ್ಟಿನ ತೆಳುಪದರದ ಮೂಲಕ ಕೂಲರಿನ ಲೋಹದ ತಳಕ್ಕೂ, ಅಲ್ಲಿಂದ ಒತ್ತಾಗಿ ಜೋಡಿಸಿದ ಅಲ್ಯೂಮಿನಿಯಮ್ ತಗಡುಗಳಿಗೂ ಹರಿಯುತ್ತದೆ. ಫ್ಯಾನಿನ ಗಾಳಿ ಅದನ್ನು ಒಯ್ಯುತ್ತದೆ.

ಕೂಲರಿನ ಸದ್ದು ಮುಖ್ಯವಾಗಿ ಫ್ಯಾನಿನ ವೇಗವನ್ನು ಅವಲಂಬಿಸಿದೆ. 80 ಮಿ.ಮೀ. ಫ್ಯಾನ್ ರಭಸದಿಂದ ತಿರುಗಿ ನೀಡುವಷ್ಟು ಗಾಳಿಯನ್ನು 120 ಮಿ.ಮೀ. ಫ್ಯಾನ್ ನಿಧಾನವಾಗಿ ತಿರುಗಿಯೇ ನೀಡಬಲ್ಲದು. ಆದ್ದರಿಂದ 65 ವ್ಯಾಟ್‌ನ ಮನೆಬಳಕೆಯ ಪ್ರೊಸೆಸರಿಗೆ 120 ಮಿ.ಮೀ. ಫ್ಯಾನುಳ್ಳ ಗೋಪುರಾಕಾರದ ಕೂಲರ್ ಸಾಕು. ನೀರಿನ ಕೂಲರ್ ಅನಗತ್ಯ ವೆಚ್ಚ. ನಾಲ್ಕು ಪಿನ್ನಿನ ಫ್ಯಾನಾದರೆ ಮದರ್‌ಬೋರ್ಡ್ ತಾಪಕ್ಕೆ ತಕ್ಕಂತೆ ಅದರ ವೇಗವನ್ನು ತಗ್ಗಿಸುತ್ತದೆ. ಕೊಳ್ಳುವ ಮುನ್ನ ಸಾಕೆಟ್ಟಿನ ಮಾದರಿಯನ್ನೂ ಕ್ಯಾಬಿನೆಟ್ಟಿನೊಳಗೆ ದೊರೆಯುವ ಎತ್ತರವನ್ನೂ ನೋಡಬೇಕು.

ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಮಗ್ಗವಿರುವ ಮನೆಯಲ್ಲಿ ಗಾಳಿಯಲ್ಲಿ ತೇಲುವ ನೂಲಿನ ಎಳೆಗಳು ಧೂಳಿನೊಡನೆ ಸೇರಿ ತಗಡುಗಳ ಸಂದಿಯನ್ನು ಮುಚ್ಚಬಹುದು. ಆಗ ಪ್ರೊಸೆಸರ್ ಬಿಸಿಯೇರಿ, ಫ್ಯಾನಿನ ವೇಗ ಹೆಚ್ಚಿ, ಉತ್ತಮ ಕೂಲರೂ ಗದ್ದಲವೆಬ್ಬಿಸುತ್ತದೆ. (ಮಗ್ಗ ನಿಂತ ಮೇಲಷ್ಟೇ ಅದು ಕಿವಿಗೆ ಬೀಳುವುದು.) ಇಂತಹ ಕಡೆ ತಗಡುಗಳ ನಡುವೆ ಹೆಚ್ಚು ಅಂತರವಿರುವ ಕೂಲರೂ, ತೆಗೆದು ತೊಳೆಯಬಹುದಾದ ಜಾಲರಿಯುಳ್ಳ ಕ್ಯಾಬಿನೆಟ್ಟೂ ಮೇಲು. ಶುಚಿಗೊಳಿಸುವಾಗ ವಿದ್ಯುತ್ ಸಂಪರ್ಕ ತಪ್ಪಿಸಿ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಒಣ ಬ್ರಷ್ ಬಳಸಬೇಕು.